ಜ್ವರದಿಂದ ಗಡ್ಡೆ ಕರಗುವುದೇ? ಕಿಡ್ನಿ ಕ್ಯಾನ್ಸರ್, ವೈರಸ್ ಮತ್ತು ದೇಹದ ಕಾವಲು

ಚಾಮರಾಜಪೇಟೆಯಲ್ಲೋ ಬಸವನಗುಡಿಯಲ್ಲೋ ಇರುವ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮನೆಯ ಹಿರಿಯರಿಗೆ ಐವತ್ತೆಂಟು ವರ್ಷ. ಒಂದು ದಿನ ಫಜ್ರ್ ನಮಾಝಿಗೆಂದು ಎದ್ದು ಶೌಚಾಲಯಕ್ಕೆ ಹೋದಾಗ ಮೂತ್ರ ಕೆಂಪಾಗಿ ಕಂಡಿತು. ನೋವಿಲ್ಲ, ಉರಿಯಿಲ್ಲ. ಹೆಂಡತಿಗೆ ಹೇಳಿದರು. "ಉಷ್ಣ ಆಗಿರ್ಬೇಕು, ಎರಡು ದಿನ ಎಳನೀರು ಕುಡೀರಿ" ಎಂದರು ಆಕೆ. ಎರಡು ದಿನದಲ್ಲಿ ಮೂತ್ರ ತಿಳಿಯಾಯಿತು. ವಿಷಯ ಅಲ್ಲಿಗೆ ಮರೆತುಹೋಯಿತು. ಆರು ತಿಂಗಳ ನಂತರ ಮತ್ತೆ ಕೆಂಪು ಕಾಣಿಸಿತು. ಈ ಸಲ ಬಾರ್ಲಿ ನೀರು. ಮಗ ಹಟ ಹಿಡಿದು ಸ್ಕ್ಯಾನ್ ಮಾಡಿಸುವಷ್ಟರಲ್ಲಿ ವರ್ಷ ಕಳೆದಿತ್ತು. ಎಡ ಕಿಡ್ನಿಯಲ್ಲಿ ಗಡ್ಡೆ ಇತ್ತು.

ಇದು ಯಾವುದೋ ಒಂದು ಮನೆಯ ಕಥೆಯಲ್ಲ, ಎಷ್ಟೋ ಮನೆಗಳ ಕಥೆ. ಗಡ್ಡೆ ಪತ್ತೆಯಾದ ಮೇಲೆ ಇಂಥ ಮನೆಗೆ ಸಲಹೆಗಳ ಸುರಿಮಳೆ ಶುರುವಾಗುತ್ತದೆ. ಒಬ್ಬರು ಕಷಾಯ ಹೇಳುತ್ತಾರೆ. ಇನ್ನೊಬ್ಬರು ಮೊಬೈಲ್‌ಗೆ ಬಂದ ಸಂದೇಶ ತೋರಿಸುತ್ತಾರೆ: "ಯಾರಿಗೋ ವೈರಲ್ ಜ್ವರ ಬಂದು ಕ್ಯಾನ್ಸರ್ ತಾನಾಗಿಯೇ ಹೋಯಿತಂತೆ. ದೇಹಕ್ಕೆ ಶಕ್ತಿ ಇದೆ, ಆಪರೇಷನ್ ಯಾಕೆ?" ಈ ಮಾತಿನಲ್ಲಿ ಒಂದು ಹನಿ ಸತ್ಯವಿದೆ. ಅದಕ್ಕೇ ಅದು ಅಪಾಯಕಾರಿ. ಆ ಹನಿ ಸತ್ಯ ಯಾವುದು, ಉಳಿದದ್ದು ಏಕೆ ಸುಳ್ಳು ಎಂಬುದನ್ನು ಬಿಡಿಸಿ ನೋಡೋಣ.

ನೋವಿಲ್ಲದ ಕೆಂಪು ಮೂತ್ರ

ನಮ್ಮ ಬೆನ್ನಿನ ಎರಡೂ ಬದಿಯಲ್ಲಿ, ಪಕ್ಕೆಲುಬುಗಳ ಕೆಳಗೆ, ಮುಷ್ಟಿಗಾತ್ರದ ಎರಡು ಕಿಡ್ನಿಗಳಿವೆ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದುದನ್ನು ದೇಹಕ್ಕೆ ಹಿಂದಿರುಗಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ಇಲ್ಲಿ ಗಡ್ಡೆ ಬೆಳೆದರೂ ಬಹುಕಾಲ ನೋವಾಗುವುದಿಲ್ಲ. ಮೂತ್ರದಲ್ಲಿ ರಕ್ತ, ಪಕ್ಕೆ ನೋವು, ಕೈಗೆ ಸಿಗುವ ಗಡ್ಡೆ, ಈ ಮೂರೂ ಲಕ್ಷಣ ಒಟ್ಟಿಗೆ ಕಾಣುವುದು ಹತ್ತರಲ್ಲಿ ಒಬ್ಬರಿಗೂ ಕಷ್ಟ. ಕಂಡಾಗ ಕಾಯಿಲೆ ಸಾಮಾನ್ಯವಾಗಿ ಮುಂದುವರಿದಿರುತ್ತದೆ. ಇಂದು ಬಹಳಷ್ಟು ಗಡ್ಡೆಗಳು ಪತ್ತೆಯಾಗುವುದು ಗ್ಯಾಸ್ಟ್ರಿಕ್ಕಿಗೋ ಪಿತ್ತಕೋಶದ ಕಲ್ಲಿಗೋ ಮಾಡಿಸಿದ ಹೊಟ್ಟೆಯ ಸ್ಕ್ಯಾನ್‌ನಲ್ಲಿ, ಅಕಸ್ಮಾತ್ತಾಗಿ.

ಮೂತ್ರ ಕೆಂಪಾದರೆ ಕ್ಯಾನ್ಸರೇ ಎಂದೇನಿಲ್ಲ. ಕಲ್ಲು, ಸೋಂಕು, ಪ್ರಾಸ್ಟೇಟ್ ತೊಂದರೆ ಯಾವುದೂ ಇರಬಹುದು. ಬೀಟ್‌ರೂಟ್ ತಿಂದರೂ, ಕೆಲವು ಮಾತ್ರೆ ನುಂಗಿದರೂ ಬಣ್ಣ ಬದಲಾಗುತ್ತದೆ. ಆದರೆ ನೋವಿಲ್ಲದೆ ಬಂದ ರಕ್ತ, ಒಂದೇ ಸಲ ಬಂದು ತಾನಾಗಿ ನಿಂತಿದ್ದರೂ, ಮೂತ್ರ ಪರೀಕ್ಷೆ ಮತ್ತು ಅಲ್ಟ್ರಾಸೌಂಡ್ ಆಗುವವರೆಗೆ ಉಷ್ಣ ಎಂದು ತೀರ್ಮಾನಿಸುವಂತಿಲ್ಲ. ನಿಂತುಹೋಯಿತು ಎಂದರೆ ವಾಸಿಯಾಯಿತು ಎಂದಲ್ಲ.

ಮನೆಯ ಹೆಂಗಸರಿಗೆ ಒಂದು ಮಾತು. ಮುಟ್ಟಿನ ರಕ್ತ ಇರಬೇಕೆಂದು ಎಷ್ಟೋ ಮಂದಿ ಸುಮ್ಮನಾಗುತ್ತಾರೆ. ಮುಟ್ಟು ನಿಂತವರೂ ಸಂಕೋಚದಿಂದ ಯಾರಿಗೂ ಹೇಳುವುದಿಲ್ಲ. ಕೆಲವರು ಪದೇಪದೇ ಉರಿಮೂತ್ರದ ಮಾತ್ರೆ ನುಂಗುತ್ತಾರೆ, ಮೂತ್ರ ಪರೀಕ್ಷೆಯನ್ನು ಮಾತ್ರ ಒಮ್ಮೆಯೂ ಮಾಡಿಸುವುದಿಲ್ಲ. ಅನುಮಾನವಿದ್ದರೆ ಒಂದು ಪಾರದರ್ಶಕ ಲೋಟದಲ್ಲಿ ಮೂತ್ರ ಹಿಡಿದು ಬೆಳಕಿನಲ್ಲಿ ನೋಡಿ. ಕತ್ತಲೆ ಶೌಚಾಲಯದಲ್ಲಿ, ಬಣ್ಣದ ಟೈಲ್ಸಿನ ಮೇಲೆ ಏನೂ ಗೊತ್ತಾಗುವುದಿಲ್ಲ.

ಬೇಗ ಪತ್ತೆಯಾದರೆ

ಅಮೆರಿಕದ ಲೆಕ್ಕದ ಪ್ರಕಾರ, ಗಡ್ಡೆ ಕಿಡ್ನಿಯೊಳಗೇ ಇರುವಾಗ ಪತ್ತೆಯಾದವರಲ್ಲಿ ಐದು ವರ್ಷ ದಾಟಿ ಬದುಕುವವರು 100ಕ್ಕೆ 90ಕ್ಕೂ ಹೆಚ್ಚು. ಶ್ವಾಸಕೋಶ, ಮೂಳೆಯಂಥ ದೂರದ ಅಂಗಗಳಿಗೆ ಹರಡಿದ ಮೇಲೆ ಪತ್ತೆಯಾದರೆ ಈ ಸಂಖ್ಯೆ 20ಕ್ಕಿಂತ ಕೆಳಗೆ ಇಳಿಯುತ್ತದೆ. ನಮ್ಮ ಕಥೆಯ ಮನೆ ಎಳನೀರು, ಬಾರ್ಲಿ ನೀರಿನಲ್ಲಿ ಕಳೆದ ಒಂದು ವರ್ಷದ ಬೆಲೆ ಇದು. ಗಡ್ಡೆ ಸಣ್ಣದಿದ್ದರೆ ಅಷ್ಟು ಭಾಗವನ್ನು ಮಾತ್ರ ತೆಗೆದು ಕಿಡ್ನಿ ಉಳಿಸಬಹುದು. ದೊಡ್ಡದಾದರೆ ಇಡೀ ಕಿಡ್ನಿ ತೆಗೆಯಬೇಕಾಗುತ್ತದೆ. ಇನ್ನೊಂದು ಕಿಡ್ನಿ ಆರೋಗ್ಯವಾಗಿದ್ದರೆ ಒಂದರಲ್ಲೇ ಬಾಳಬಹುದು.

ಆಯುಷ್ಯ ಅಲ್ಲಾಹನ ಕೈಯಲ್ಲಿದೆ, ನಿಜ. ಆದರೆ ಪರೀಕ್ಷೆಗೆ ಹೋಗುವುದು ನಮ್ಮ ಕೈಯಲ್ಲಿದೆ.

ಈ ಕ್ಯಾನ್ಸರ್ ಅಂಟುವುದೇ?

ಇಲ್ಲ. ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ ವೈರಸ್ ಕಾರಣ. ಯಕೃತ್ತಿನ ಕ್ಯಾನ್ಸರಿಗೆ ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು ದೊಡ್ಡ ಕಾರಣ. ಕಿಡ್ನಿ ಕ್ಯಾನ್ಸರ್ ಆ ಗುಂಪಿಗೆ ಸೇರಿದ್ದಲ್ಲ. ಬೀಡಿ ಸಿಗರೇಟು, ಬೊಜ್ಜು, ಅಧಿಕ ರಕ್ತದೊತ್ತಡ, ದೀರ್ಘಕಾಲದ ಡಯಾಲಿಸಿಸ್, ಕೆಲವು ಕುಟುಂಬಗಳಲ್ಲಿ ವಂಶವಾಹಿ ದೋಷ, ಇವು ಇದರ ಅಪಾಯ ಹೆಚ್ಚಿಸುತ್ತವೆ. ಆದ್ದರಿಂದ ರೋಗಿಯ ತಟ್ಟೆ ಲೋಟ ಬೇರೆ ಇಡುವುದು, ಮೊಮ್ಮಕ್ಕಳನ್ನು ಹತ್ತಿರ ಬಿಡದಿರುವುದು ತಪ್ಪು. ರೋಗಿಯಿಂದ ಮನೆಯವರಿಗೆ ಏನೂ ಅಂಟುವುದಿಲ್ಲ. ಎಚ್ಚರ ಬೇಕಾಗಿರುವುದು ಮನೆಯವರಿಂದ ರೋಗಿಗೆ ಅಂಟುವ ಸೋಂಕುಗಳ ಬಗ್ಗೆ.

ವೈರಸ್ ಕಲಿಸಿದ ಪಾಠ

ಈಗ ಆ ಹನಿ ಸತ್ಯಕ್ಕೆ ಬರೋಣ. ದೇಹದ ರೋಗನಿರೋಧಕ ಶಕ್ತಿಗೂ ಕಿಡ್ನಿ ಕ್ಯಾನ್ಸರಿಗೂ ಹತ್ತಿರದ ನಂಟಿದೆ ಎಂಬುದು ವೈದ್ಯರಿಗೆ ಹಿಂದಿನಿಂದಲೂ ಗೊತ್ತು. ಕಿಡ್ನಿಯನ್ನು ತೆಗೆದ ಮೇಲೆ ಶ್ವಾಸಕೋಶಕ್ಕೆ ಹರಡಿದ್ದ ಗಡ್ಡೆಗಳು ತಾವಾಗಿಯೇ ಕುಗ್ಗಿದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಆದರೆ ಅವು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಇನ್ನೊಂದು ಕಡೆಯಿಂದಲೂ ಸಾಕ್ಷಿ ಸಿಗುತ್ತದೆ. ಕಿಡ್ನಿ ಕಸಿ ಮಾಡಿಸಿಕೊಂಡವರು ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಅಂಥವರಲ್ಲಿ ಕಿಡ್ನಿ ಕ್ಯಾನ್ಸರ್ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಹಳೆಯ ಕಿಡ್ನಿಯ ಕಾಯಿಲೆ, ಡಯಾಲಿಸಿಸ್ ಇದಕ್ಕೆ ಒಂದು ಕಾರಣವಾದರೆ ಕಾವಲು ಸಡಿಲವಾಗಿರುವುದು ಇನ್ನೊಂದು ಕಾರಣ.

ಆ ಕಾವಲು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ವಿಜ್ಞಾನಿಗಳು ಬಹುಮಟ್ಟಿಗೆ ಕಲಿತದ್ದು ವೈರಸ್‌ಗಳಿಂದ. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬಿಬ್ಬರು ವೈರಸ್ ತಗುಲಿದ ಜೀವಕೋಶಗಳು ಒಂದು ವಸ್ತುವನ್ನು ಹೊರಬಿಟ್ಟು ಅಕ್ಕಪಕ್ಕದ ಜೀವಕೋಶಗಳನ್ನು ಎಚ್ಚರಿಸುವುದನ್ನು ಕಂಡರು. ವೈರಸ್‌ಗೆ ಅಡ್ಡಿಪಡಿಸುವ ಆ ವಸ್ತುವಿಗೆ ಇಂಟರ್‌ಫೆರಾನ್ ಎಂದು ಹೆಸರಿಟ್ಟರು. ಜ್ವರ ಬಂದಾಗ ಮೈಕೈ ನೋಯುವುದರಲ್ಲಿ ಇದರ ಪಾತ್ರವೂ ಇದೆ. ಕಿಡ್ನಿ ಕ್ಯಾನ್ಸರಿಗೆ ಸಾಮಾನ್ಯ ಕೀಮೋಥೆರಪಿ ಅಷ್ಟಾಗಿ ನಾಟುವುದಿಲ್ಲ. ಹಾಗಾಗಿ ಹರಡಿದ ಕ್ಯಾನ್ಸರಿಗೆ ವೈದ್ಯರು ವರ್ಷಗಟ್ಟಲೆ ಇದೇ ಇಂಟರ್‌ಫೆರಾನನ್ನು ಚುಚ್ಚುಮದ್ದಾಗಿ ಕೊಟ್ಟರು. 1992ರಲ್ಲಿ ಇಂಟರ್‌ಲ್ಯೂಕಿನ್-2 ಎಂಬ ಮತ್ತೊಂದು ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕೆಲವರಿಗೆ ಪೂರ್ತಿ ಗುಣವಾಯಿತು. ಬಹುತೇಕರಿಗೆ ಆಗಲಿಲ್ಲ. ಅಡ್ಡಪರಿಣಾಮಗಳೂ ತೀವ್ರವಾಗಿದ್ದವು.

ಬಹುತೇಕರಿಗೆ ಏಕೆ ಗುಣವಾಗಲಿಲ್ಲ? ಇದಕ್ಕೆ ಉತ್ತರವನ್ನೂ ವೈರಸ್ಸೇ ಕೊಟ್ಟಿತು. ಸಾಮಾನ್ಯ ಶೀತದ ವೈರಸ್ಸನ್ನು ನಮ್ಮ ಟಿ-ಕಣಗಳು, ಅಂದರೆ ಬಿಳಿ ರಕ್ತಕಣಗಳ ಒಂದು ಪಡೆ, ಒಂದೆರಡು ವಾರಗಳಲ್ಲಿ ಓಡಿಸುತ್ತವೆ. ಆದರೆ ಕೆಲವು ವೈರಸ್‌ಗಳು ದೇಹದಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೀಡುಬಿಡುತ್ತವೆ. ಹಗಲೂ ರಾತ್ರಿ ಕಾದು ಕಾದು ಕಾವಲುಗಾರನಿಗೆ ತೂಕಡಿಕೆ ಬರುವಂತೆ, ಆ ಟಿ-ಕಣಗಳೂ ಸುಸ್ತಾಗುತ್ತವೆ. ಶತ್ರು ಎದುರಿಗಿದ್ದರೂ ಕೈ ಎತ್ತುವುದಿಲ್ಲ. ಅವುಗಳ ಮೈಮೇಲೆ ಪಿಡಿ-1 ಎಂಬ ಬ್ರೇಕ್ ಒತ್ತಿಕೊಂಡಿರುತ್ತದೆ.

2006ರಲ್ಲಿ ಅಮೆರಿಕದ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದ ತಂಡವೊಂದು ದೀರ್ಘಕಾಲದ ವೈರಸ್ ಸೋಂಕಿದ್ದ ಇಲಿಗಳಲ್ಲಿ ಈ ಬ್ರೇಕನ್ನು ಬಿಡಿಸಿತು. ಸುಸ್ತಾಗಿದ್ದ ಕಣಗಳು ಮತ್ತೆ ಎದ್ದು ಹೋರಾಡಿದವು. ಆ ತಂಡದ ಮುಖ್ಯಸ್ಥರು ರಫಿ ಅಹ್ಮದ್. ನಮ್ಮ ನೆರೆಯ ಹೈದರಾಬಾದ್‌ನಲ್ಲಿ ಹುಟ್ಟಿ, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪದವಿ ಓದಿ ಅಮೆರಿಕಕ್ಕೆ ಹೋದವರು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೆಸರಾದ, ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಬೇರೆ, ಇವರು ಬೇರೆ. ವೈರಸ್ ಬಗ್ಗೆ ಓದಿದ ನಮ್ಮ ಕಡೆಯ ಒಬ್ಬ ಹುಡುಗನ ಕೆಲಸ ಕ್ಯಾನ್ಸರ್ ರೋಗಿಗಳಿಗೂ ದಾರಿ ತೋರಿಸಿತು ಎಂಬುದನ್ನು ನಿಮ್ಮ ಮಕ್ಕಳಿಗೂ ಹೇಳಿ.

ಏಕೆಂದರೆ ಗಡ್ಡೆಯೊಳಗೂ ಇದೇ ಕಥೆ. ಕಿಡ್ನಿಯ ಗಡ್ಡೆಯಲ್ಲಿ ಟಿ-ಕಣಗಳು ಬೇಕಾದಷ್ಟಿರುತ್ತವೆ. ಆದರೆ ಬ್ರೇಕ್ ಒತ್ತಿಕೊಂಡು ಸುಮ್ಮನಿರುತ್ತವೆ. ಪಿಡಿ-1 ಅನ್ನು ಮೊದಲು ಗುರುತಿಸಿದ ಜಪಾನಿನ ತಸುಕು ಹೊಂಜೊ ಹಾಗೂ ಇಂಥದೇ ಇನ್ನೊಂದು ಬ್ರೇಕಿನ ಮೇಲೆ ಕೆಲಸ ಮಾಡಿದ ಅಮೆರಿಕದ ಜೇಮ್ಸ್ ಆಲಿಸನ್ ಅವರಿಗೆ 2018ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಬ್ರೇಕ್ ಬಿಡಿಸುವ ಔಷಧಿ ನಿವೊಲುಮ್ಯಾಬ್ 2015ರಲ್ಲಿ ಕಿಡ್ನಿ ಕ್ಯಾನ್ಸರಿಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಇದನ್ನೇ ಇಮ್ಯುನೊಥೆರಪಿ ಎನ್ನುತ್ತಾರೆ.

ಫಲ ಎಷ್ಟು? ಇಂಟರ್‌ಫೆರಾನ್ ಕಾಲದಲ್ಲಿ, ಹರಡಿದ ಕಿಡ್ನಿ ಕ್ಯಾನ್ಸರ್ ಇದ್ದವರಲ್ಲಿ ಅರ್ಧದಷ್ಟು ಮಂದಿ ಒಂದು ವರ್ಷದ ಆಸುಪಾಸಿನಲ್ಲೇ ತೀರಿಕೊಳ್ಳುತ್ತಿದ್ದರು. ಎರಡು ಬ್ರೇಕ್‌ಗಳನ್ನೂ ಒಟ್ಟಿಗೆ ಬಿಡಿಸುವ ಔಷಧಿಗಳನ್ನು ಪಡೆದವರ ಒಂದು ದೊಡ್ಡ ಪ್ರಯೋಗದಲ್ಲಿ ಐದು ವರ್ಷಗಳ ಬಳಿಕವೂ 100ಕ್ಕೆ 48 ಮಂದಿ ಬದುಕಿದ್ದರು. ಹಳೆಯ ಮಾತ್ರೆ ಪಡೆದವರಲ್ಲಿ ಈ ಸಂಖ್ಯೆ 37. ಗಡ್ಡೆ ತೆಗೆದ ಮೇಲೂ ಮರುಕಳಿಸುವ ಅಪಾಯ ಹೆಚ್ಚಿದ್ದವರಿಗೆ ಪೆಂಬ್ರೊಲಿಜುಮ್ಯಾಬ್ ಕೊಟ್ಟ ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ನಾಲ್ಕು ವರ್ಷಗಳ ಬಳಿಕ ಔಷಧಿ ಪಡೆದವರಲ್ಲಿ ಸುಮಾರು 91 ಮಂದಿ, ಪಡೆಯದವರಲ್ಲಿ 86 ಮಂದಿ ಬದುಕಿದ್ದರು. ಇದು ಪವಾಡವಲ್ಲ. ಆದರೆ ಆ ಐದು ಮಂದಿ ಯಾರದೋ ಮನೆಯ ಅಬ್ಬಾ, ಯಾರದೋ ಮನೆಯ ಅಮ್ಮಿ.

ಹಾಗಾದರೆ ಸೋಂಕು ಒಳ್ಳೆಯದೇ?

ಖಂಡಿತ ಅಲ್ಲ. ವೈರಸ್ಸಿನಿಂದ ಪಾಠ ಕಲಿಯುವುದು ಬೇರೆ, ವೈರಸ್ಸನ್ನೇ ಮನೆಗೆ ಕರೆಯುವುದು ಬೇರೆ. ಸೋಂಕಿನ ಬಳಿಕ ಗಡ್ಡೆ ಕುಗ್ಗಿದ ಒಂದೆರಡು ಘಟನೆ ಸುದ್ದಿಯಾಗುತ್ತವೆ. ಸೋಂಕು ತಗುಲಿ ಆಸ್ಪತ್ರೆ ಸೇರಿದ, ಚಿಕಿತ್ಸೆ ತಪ್ಪಿದ, ತೀರಿಕೊಂಡ ರೋಗಿಗಳು ಸುದ್ದಿಯಾಗುವುದಿಲ್ಲ.

ನಮ್ಮ ಬಡಾವಣೆಗಳಿಗೆ ಸೋಂಕು ಹೊಸದಲ್ಲ. 1898ರ ಪ್ಲೇಗ್ ಪೇಟೆಯ ಇಕ್ಕಟ್ಟಿನ ಗಲ್ಲಿಗಳನ್ನು ಕಾಡಿದ ಕಾಲದಲ್ಲೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ಬಾಗಿಲು ತೆರೆಯಿತು. ಅದೇ ವಿಕ್ಟೋರಿಯಾ 2020ರಲ್ಲಿ ಕೋವಿಡ್ ಆಸ್ಪತ್ರೆಯಾಯಿತು. ಆ ಏಪ್ರಿಲ್‌ನಲ್ಲಿ ಪಾದರಾಯನಪುರವನ್ನು ಸೀಲ್‌ಡೌನ್ ಮಾಡಿದ ದಿನಗಳನ್ನು ಚಾಮರಾಜಪೇಟೆಯವರು ಮರೆತಿಲ್ಲ.

ಆಗ ಕೋವಿಡ್ ತಗುಲದ ಕ್ಯಾನ್ಸರ್ ರೋಗಿಗಳಿಗೂ ಪೆಟ್ಟು ಬಿತ್ತು. ದೇಶದ 41 ಕ್ಯಾನ್ಸರ್ ಕೇಂದ್ರಗಳ ಲೆಕ್ಕ ಹೇಳುವಂತೆ, 2020ರ ಮಾರ್ಚ್‌ನಿಂದ ಮೇವರೆಗೆ ಹೊಸ ರೋಗಿಗಳ ನೋಂದಣಿ ಹಿಂದಿನ ವರ್ಷದ ಅದೇ ತಿಂಗಳುಗಳಿಗಿಂತ ಶೇ. 54ರಷ್ಟು ಇಳಿಯಿತು. ದೊಡ್ಡ ಶಸ್ತ್ರಚಿಕಿತ್ಸೆಗಳು ಶೇ. 49ರಷ್ಟು ಕಡಿಮೆಯಾದವು. ಕ್ಯಾನ್ಸರ್ ಕಡಿಮೆಯಾಗಿರಲಿಲ್ಲ, ಜನ ಬಂದಿರಲಿಲ್ಲ. ವೈರಸ್ ಹೀಗೂ ಆಯುಷ್ಯ ಕದಿಯುತ್ತದೆ: ಭಯದಿಂದ, ವಿಳಂಬದಿಂದ. ಅಂದು ಮುಂದೂಡಿದ ಪರೀಕ್ಷೆ ನಿಮ್ಮ ಮನೆಯಲ್ಲಿ ಇನ್ನೂ ಬಾಕಿ ಇದ್ದರೆ ಇನ್ನೂ ಮುಂದೂಡಬೇಡಿ.

ರೋಗಿ ಮನೆಯಲ್ಲಿದ್ದಾಗ

ನೋಡಲು ಬರುವವರು: ರೋಗಿಯನ್ನು ಕಂಡು ಸಮಾಧಾನ ಹೇಳುವುದು ಪುಣ್ಯದ ಕೆಲಸ. ಆದರೆ ನೆಗಡಿ, ಕೆಮ್ಮು, ಜ್ವರ ಇರುವವರು ಅಂದು ಮನೆಯಲ್ಲೇ ಕುಳಿತು ಫೋನಿನಲ್ಲಿ ದುಆ ಮಾಡಿದರೆ ರೋಗಿಗೆ ಹೆಚ್ಚು ಉಪಕಾರ. ಉಳಿದವರೂ ಇಬ್ಬಿಬ್ಬರಾಗಿ ಬಂದು, ಸಾಬೂನಿನಿಂದ ಕೈ ತೊಳೆದು, ಹತ್ತು ನಿಮಿಷ ಕುಳಿತು ಏಳಲಿ. ಕಿಟಕಿ ತೆರೆದಿರಲಿ. ಬರಬೇಡಿ ಎನ್ನಲು ಮನೆಯವರಿಗೆ ಬಾಯಿ ಬರುವುದಿಲ್ಲ. ಅದನ್ನು ಬಂಧುಗಳೇ ಅರಿಯಬೇಕು.

ವುಝೂ ಮತ್ತು ಕೈತೊಳೆಯುವುದು: ದಿನಕ್ಕೆ ಐದು ಸಲ ವುಝೂ ಮಾಡುವ ಮನೆಗೆ ಶುಚಿಯ ಪಾಠ ಹೇಳಬೇಕಿಲ್ಲ. ಆದರೆ ಶೌಚದ ನಂತರ, ಅಡುಗೆಗೆ ಮುನ್ನ, ಮಗುವಿನ ಮೂಗು ಒರೆಸಿದ ಮೇಲೆ ಬರಿಯ ನೀರು ಸಾಲದು. ಸಾಬೂನು ಬೇಕು.

ಲಸಿಕೆ: ಪ್ರತಿವರ್ಷದ ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆ, ಕೋವಿಡ್ ಲಸಿಕೆಗಳ ಬಗ್ಗೆ ಚಿಕಿತ್ಸೆ ಶುರುವಾಗುವ ಮೊದಲೇ ವೈದ್ಯರನ್ನು ಕೇಳಿ. ಮನೆಯವರೂ ಹಾಕಿಸಿಕೊಂಡರೆ ರೋಗಿಯ ಸುತ್ತ ಬೇಲಿ ಕಟ್ಟಿದಂತೆ. ಇಮ್ಯುನೊಥೆರಪಿಗೆ ಮುನ್ನ ಹೆಪಟೈಟಿಸ್ ಬಿ ರಕ್ತ ಪರೀಕ್ಷೆ ಮಾಡಿಸಲು ಹೇಳಿದರೆ ಅನುಮಾನ ಪಡಬೇಡಿ, ನಾಚಬೇಡಿ. ದೇಹದಲ್ಲಿ ಮಲಗಿರುವ ವೈರಸ್ ಚಿಕಿತ್ಸೆಯ ನಡುವೆ ಎದ್ದೇಳದಂತೆ ನೋಡಿಕೊಳ್ಳಲು ಅದು ಬೇಕು.

ಹಜ್, ಉಮ್ರಾ: ಹಜ್ ಯಾತ್ರಿಗಳಿಗೆ ಮೆದುಳುಪೊರೆ ಜ್ವರದ ಲಸಿಕೆ ಕಡ್ಡಾಯ. ಪೋಲಿಯೊ ಹನಿಯನ್ನೂ ಕೊಡುತ್ತಾರೆ. ಬಾಯಿಗೆ ಹಾಕುವ ಹನಿಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಲಸಿಕೆ ಶಿಬಿರಕ್ಕೆ ಹೋಗುವ ಮೊದಲು ತಮ್ಮ ವೈದ್ಯರನ್ನು ಕಂಡು ಪತ್ರ ಪಡೆಯಬೇಕು.

ಜ್ವರ ಬಂದರೆ: ಇದು ಬಹಳ ಮುಖ್ಯ. ಇಮ್ಯುನೊಥೆರಪಿ ಬ್ರೇಕ್ ಬಿಡಿಸುವ ಚಿಕಿತ್ಸೆ. ಬ್ರೇಕ್ ಇಲ್ಲದ ಕಾವಲುಪಡೆ ಕೆಲವೊಮ್ಮೆ ಮನೆಯವರ ಮೇಲೇ ತಿರುಗಿ ಬೀಳುತ್ತದೆ. ಕೆಮ್ಮು, ಏದುಸಿರು, ಬಿಡದ ಭೇದಿ, ಮೈಮೇಲೆ ದದ್ದು, ಕಣ್ಣು ಹಳದಿ, ವಿಪರೀತ ಸುಸ್ತು ಕಂಡರೆ ಅದು ವೈರಲ್ ಇರಬಹುದು, ಔಷಧಿಯ ಅಡ್ಡಪರಿಣಾಮವೂ ಇರಬಹುದು. ಎರಡಕ್ಕೂ ಚಿಕಿತ್ಸೆ ಬೇರೆ. "ಊರಲ್ಲೆಲ್ಲ ಈಗ ವೈರಲ್" ಎಂದು ಮೂರು ದಿನ ಕಾಯಬೇಡಿ. ಅದೇ ದಿನ ಕ್ಯಾನ್ಸರ್ ವೈದ್ಯರಿಗೆ ತಿಳಿಸಿ.

ಮೆಡಿಕಲ್ ಶಾಪಿನ ಮಾತ್ರೆ: ವೈರಸ್‌ಗೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಕಿಡ್ನಿ ಮತ್ತು ಶ್ವಾಸಕೋಶ ಕ್ಯಾನ್ಸರಿಗೆ ಇಮ್ಯುನೊಥೆರಪಿ ಪಡೆದವರ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿಕಿತ್ಸೆಯ ಆರಂಭದ ಆಸುಪಾಸಿನಲ್ಲಿ ಆಂಟಿಬಯಾಟಿಕ್ ತೆಗೆದುಕೊಂಡವರಲ್ಲಿ ಫಲ ಕಡಿಮೆ ಕಂಡುಬಂತು. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ನಾಶವಾಗುವುದು ಇದಕ್ಕೆ ಕಾರಣವಿರಬಹುದೆಂದು ಭಾವಿಸಲಾಗಿದೆ. ವೈದ್ಯರೇ ಬರೆದುಕೊಟ್ಟರೆ ತಪ್ಪದೆ ತೆಗೆದುಕೊಳ್ಳಿ. ನೀವಾಗಿಯೇ ಕೊಳ್ಳಬೇಡಿ. ಒಂದೇ ಕಿಡ್ನಿ ಇರುವವರು ಮೈಕೈ ನೋವಿಗೆ ಡೈಕ್ಲೊಫೆನಾಕ್‌ನಂಥ ಮಾತ್ರೆಗಳಿಂದ ದೂರವಿರಬೇಕು. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆ ಎನ್ನುವ ಪುಡಿ, ಲೇಹಗಳನ್ನೂ ವೈದ್ಯರಿಗೆ ತೋರಿಸದೆ ಬಳಸಬೇಡಿ. ಅವನ್ನು ಸೋಸುವ ಕೆಲಸವೂ ಆ ಒಂದೇ ಕಿಡ್ನಿಯದು.

ರಂಝಾನ್ ಉಪವಾಸ: ರೋಗಿಗೆ ಧರ್ಮವೇ ವಿನಾಯಿತಿ ಕೊಟ್ಟಿದೆ. ಒಂದೇ ಕಿಡ್ನಿ ಇರುವವರು, ಚಿಕಿತ್ಸೆಯಲ್ಲಿರುವವರು ಬೇಸಿಗೆಯಲ್ಲಿ ಇಡೀ ದಿನ ನೀರಿಲ್ಲದೆ ಇರಬಹುದೇ ಎಂಬುದನ್ನು ರಂಝಾನಿಗೆ ಒಂದು ತಿಂಗಳು ಮೊದಲೇ ರಕ್ತ ಪರೀಕ್ಷೆ ಮಾಡಿಸಿ ವೈದ್ಯರೊಂದಿಗೆ ತೀರ್ಮಾನಿಸಿ. ಉಪವಾಸಕ್ಕಾಗಿ ಔಷಧಿ ಬಿಡುವುದು ಬೇಡ.

ಎಲ್ಲಿಗೆ ಹೋಗುವುದು?

ಹಳೆಯ ಬೆಂಗಳೂರಿನವರಿಗೆ ದೂರ ಹೋಗಬೇಕಿಲ್ಲ. ಮೊದಲ ಹೆಜ್ಜೆಯಾದ ಮೂತ್ರ ಪರೀಕ್ಷೆ, ಅಲ್ಟ್ರಾಸೌಂಡ್‌ಗೆ ವಿಕ್ಟೋರಿಯಾ, ಮಲ್ಲೇಶ್ವರದ ಕೆ.ಸಿ. ಜನರಲ್‌ನಂಥ ಸರ್ಕಾರಿ ಆಸ್ಪತ್ರೆಗಳಿವೆ. ವಿಕ್ಟೋರಿಯಾ ಆವರಣದಲ್ಲೇ ಮೂತ್ರಪಿಂಡ ಕಾಯಿಲೆಗಳಿಗೆಂದೇ ಇರುವ ಸರ್ಕಾರಿ ನೆಫ್ರೊ ಯುರಾಲಜಿ ಸಂಸ್ಥೆ ಇದೆ. ಬಸವನಗುಡಿಯ ಶಂಕರಪುರದಲ್ಲಿ ಶಂಕರ ಕ್ಯಾನ್ಸರ್ ಆಸ್ಪತ್ರೆ, ಹೊಸೂರು ರಸ್ತೆಯಲ್ಲಿ 1973ರಿಂದ ಇರುವ ಕಿದ್ವಾಯಿ ಸಂಸ್ಥೆ ಇವೆ.

ಖರ್ಚು ದೊಡ್ಡ ಚಿಂತೆ. ಇಮ್ಯುನೊಥೆರಪಿಗೆ ಲಕ್ಷಗಟ್ಟಲೆ ಹಣ ಬೇಕು. ಆದರೆ ಬೇಗ ಪತ್ತೆಯಾದ ಸಣ್ಣ ಗಡ್ಡೆಗೆ ಬಹುತೇಕ ಒಂದು ಶಸ್ತ್ರಚಿಕಿತ್ಸೆ ಸಾಕು, ದುಬಾರಿ ಔಷಧಿಯ ಪ್ರಶ್ನೆಯೇ ಬರದಿರಬಹುದು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಗಳಿಗೂ ಒಂದು ಪಾಲು ನೆರವಿದೆ. ರೇಷನ್ ಕಾರ್ಡ್, ಆಧಾರ್ ಹಿಡಿದು ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಮೊದಲ ದಿನವೇ ವಿಚಾರಿಸಿ. ಮೊಹಲ್ಲಾದ ಬೈತುಲ್ ಮಾಲ್, ಜಮಾಅತ್‌ನವರು ಇಂಥ ರೋಗಿಗೆ ಕೊನೆಯ ಹಂತದಲ್ಲಿ ಚಂದಾ ಎತ್ತುವ ಬದಲು ಮೊದಲ ಸ್ಕ್ಯಾನಿಗೇ ನೆರವಾದರೆ ಕೊಟ್ಟ ಹಣ ಜೀವ ಉಳಿಸೀತು.

ನಾವು ಕಲ್ಪಿಸಿಕೊಂಡ ಆ ಮನೆಗೆ ಮರಳೋಣ. ಎಳನೀರು ಕುಡಿಸಿದ ಆ ತಾಯಿಯದು ತಪ್ಪಲ್ಲ. ಆಕೆಗೆ ಯಾರೂ ಹೇಳಿರಲಿಲ್ಲ. ಈಗ ನಿಮಗೆ ಗೊತ್ತಾಗಿದೆ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಮನೆಯ ಹಿರಿಯರನ್ನು ಸಂಕೋಚ ಬಿಟ್ಟು ಒಂದು ಮಾತು ಕೇಳಿ: "ಅಬ್ಬಾ, ಯಾವತ್ತಾದರೂ ಮೂತ್ರ ಕೆಂಪಗೆ ಹೋಗಿತ್ತಾ?" ಹೌದು ಎಂದರೆ ಎಳನೀರು ಕೊಡಿ, ತಪ್ಪೇನಿಲ್ಲ. ನಾಳೆ ಬೆಳಗ್ಗೆ ಪರೀಕ್ಷೆಗೂ ಕರೆದುಕೊಂಡು ಹೋಗಿ.